ಒದರುಗಲ್ಲು

…ಅಲ್ಲೇ ಬಿಡ್ರಿ ಅಕ್ಕಾರ, ಅಲ್ಲೇ, ಆ ಜಾಲಿ ಗಿಡದ ಬುಡಕ. ಚಪ್ಪಲಿ ಹಾಕ್ಕೊಂಡು ನನ್ನ ದೋಣಿ ಹತ್ತೂ ಹಂಗಿಲ್ಲ. ಕೃಷ್ಣವ್ವ ನಮಗ ತಾಯಿ. ತಾಯಿ ಮ್ಯಾಲ ಚಪ್ಪಲಿ ಕಾಲ ಇಡತಾರೇನ್ರಿ? ಒಬ್ಬ ದೊಡ್ಡ ಸಾಹೇಬರು ಬಂದಿದ್ರು, ಅವರ ಬೂಟೂ ಬಿಚ್ಚಿಸೇನಿ. ಕಾಲಚೀಲದಾಗ ಹೆಬ್ಬಟ್ಟು ಹೊರಗ ಬಂದಿತ್ತು, ಪಾಪ, ನಾಚಿಕೊಂಡ್ರು. ಯಾರೂ ಒಯ್ಯೂದಿಲ್ರಿ, ನಮ್ಮ ತುಬಚಿ ಊರ ಮಂದಿ ಹೊಳಿ ದಂಡಿ ಚಪ್ಪಲಿ ಮುಟ್ಟೂದಿಲ್ಲ. ಬಿಡ್ರಿ…

ಇದೇನ್ರಿ? ಚೀಲದಾಗಿಂದ ಇನ್ನೊಂದು ಜೋಡು ತಗದ್ರಿ? ಬಂದಾಕಿ ಒಬ್ಬಾಕಿ, ಬಿಟ್ಟದ್ದು ಎರಡು ಜೋಡು! ಒಂದು ಹರದ್ರ ಇನ್ನೊಂದು ಇರ್ಲಿ ಅಂತೇನು? ಅಥಣಿ ಚಪ್ಪಲಿ ಕಾಣತಾವ. ತಳಕ್ಕ ಮಣ್ಣ ಹತ್ತಿಲ್ಲ, ಯಾರೂ ಮೆಟ್ಟೇ ಇಲ್ಲ ಇವನ್ನ. ಆದ್ರ ತೊಗಲು ಒಣಗಿ ಸೊಟ್ಟ ಆಗೇತಿ… ಎಷ್ಟು ವರ್ಷದಿಂದ ಇಟ್ಟಿದ್ರಿ?

ಆತು ಬಿಡ್ರಿ. ಮಾತಾಡಬ್ಯಾಡ್ರಿ. ಬೆಳಿಗ್ಗೆ ಜಮಖಂಡಿ ಸ್ಟ್ಯಾಂಡಿನ್ಯಾಗ ಚೀಟಿ ಕೊಟ್ರೆಲ್ಲ, "ಅರಮನೆ, ಹಳೇ ಊರು, ಮಧ್ಯಾಹ್ನ ಸುಟ್ಟಗಡ್ಡಿ, ಸಂಜೆ ವಾಪಸ್" ಅಂತ, ಆಗಲೇ ನನಗ ಗೊತ್ತಾತು. ಶ್ರಾವಣ ಸೋಮವಾರ, ಅಕ್ಕಾರು ಮೌನ ಹಿಡದಾರ. ನಮ್ಮ ಮನ್ಯಾಕಿನೂ ಹಿಡೀತಾಳ್ರಿ. ವರ್ಷದಾಗ ನನಗ ಆ ನಾಕ ಸೋಮವಾರ ಅಷ್ಟ ಸುಖ… ಯಾಕ ನಗತೀರಿ? ಖರೇನ!

ಹತ್ರಿ, ಹತ್ರಿ. ನಡುವ ಕುಂದ್ರಿ. ಹಾಂ. ಹೊಳಿ ತುಂಬೇತಿ, ಆದ್ರ ಗಂಗಾರಾಮನ ಕೈಯಾಗ ಹುಟ್ಟು ಇರೂತನ ಅಂಜಬ್ಯಾಡ್ರಿ. ಒಂದ ಮಾತು ಮಾತ್ರ ಮೊದಲ ಹೇಳಿಬಿಡತೀನಿ. ಸಂಜಿ ಆಗೂದ್ರೊಳಗ ಈ ದಂಡಿಗೆ ಹೊಳ್ಳಿ ಬಂದಬಿಡಬೇಕು. ಹೊತ್ತ ಮುಣುಗೂ ಮುಂದ ನಾ ಆ ಗಡ್ಡಿಮ್ಯಾಲ ನಿಂದ್ರೂದಿಲ್ಲ. ಯಾಕ ಅಂತ ಕೇಳಬ್ಯಾಡ್ರಿ… ಹ್ಹ ಹ್ಹ, ನೀವೆಲ್ಲಿ ಕೇಳತೀರಿ!

ಅರಮನಿ ಬರೊಬ್ಬರಿ ನೋಡಿದ್ರಿಲ್ಲೋ? ಕಿಡಕಿ ಎಷ್ಟ ಅಂದೆ ನಿಮಗ? ಇನ್ನೂರಾ ಹನ್ನೆರಡು? ನಿನ್ನೆ ಬಂದ ಬೆಳಗಾವಿ ಮಂದಿಗೆ ನೂರಾ ಎಂಬತ್ತು ಅಂದಿದ್ದೆ. ಸಿಟ್ಟಾಗಬ್ಯಾಡ್ರಿ. ಗೈಡ ಅಂದ್ರ ಅಷ್ಟರಿ, ಗೊತ್ತಿಲ್ಲದ್ದನ್ನ ಗಟ್ಟಿ ದನೀಲೆ ಹೇಳೂದು. ಮಂದಿ ನಂಬತಾರ. ಒಂದ ಸಲ ನಂಬಿದ್ರು ಅಂದ್ರ ಮುಂದ ಅವರ ನಮಗ ಹೇಳಾಕ ಹತ್ತತಾರ.

ಅಲ್ಲಿ ನೋಡ್ರಿ, ಹೊಳಿ ನಡುವ ಕರ್ರಗ ಕಾಣತೈತೆಲ್ಲ, ಅದ ಸುಟ್ಟಗಡ್ಡಿ. ಹಿಂದಕ ಯಾವಾಗೋ ಭೂಮಿ ಬಾಯಿ ಬಿಟ್ಟು ಒಳಗಿನ ಬೆಂಕಿ ಉಕ್ಕಿ ಹರೀತಂತ. ಹರದು, ಆರಿ, ಕಲ್ಲಾಗಿ ಕುಂತದ್ದು ಅದು. ಕಾಲೇಜು ಮಾಸ್ತರೊಬ್ಬರು ಸುತಿಗಿ ತಗೊಂಡು ಬಂದಿದ್ರು, ಅವರು ಹೇಳಿದ್ದು. ಇದನ್ನಷ್ಟ ನಾ ಹುಟ್ಟಿಸಿ ಹೇಳಿದ್ದಲ್ಲ. ಕಲ್ಲಿನ ತುಂಬ ತೂತ ಅದಾವ. ಕುದಿಯೂ ಮುಂದ ಬಂದ ಗುಳ್ಳಿ ಹಂಗ ಉಳದಾವ.

ಏನು, ಬೆರಳ ಮಾಡಿ ಏನ ಎಣಸಾಕತ್ತೀರಿ? ದಂಡಿಮ್ಯಾಲಿನ ಮಂದೀನ? ಎಣಸ್ರಿ, ಅವರು ದಂಡಿಮ್ಯಾಲ ಅದಾರ. ದೋಣ್ಯಾಗಿನ ಮಂದಿ ತಲಿ ಮಾತ್ರ ಎಣಸಬಾರದು. ಎಣಿಸಿದ್ರ ಒಂದು ತಲಿ ಹೊಳಿ ಇಟಗೋತೈತಿ ಅಂತ ನಮ್ಮಪ್ಪ ಹೇಳತಿದ್ದ. ಮತ್ತ ಲೆಕ್ಕ ಹೆಂಗ ಅಂತೀರಿ? ಆ ಜಾಲಿ ಗಿಡ! ಹೋಗೂ ಮುಂದ ಎಲ್ಲಾರೂ ಚಪ್ಪಲಿ ಬಿಡತಾರ. ಬಂದ ಮ್ಯಾಲ ಹಾಕ್ಕೊಂಡು ಹೋಗತಾರ. ಗಿಡದ ಬುಡಕ ಖಾಲಿ ಆತು ಅಂದ್ರ ಎಲ್ಲಾರೂ ಬಂದ್ರು. ಒಂದ ಜೋಡು ಉಳೀತು ಅಂದ್ರ ಒಬ್ಬರು ಗಡ್ಡಿಮ್ಯಾಲ ಅದಾರ, ದೋಣಿ ಹೊಳ್ಳಿಸು. ನಮ್ಮಜ್ಜ ಹಂಗ ಮಾಡಿದ, ನಮ್ಮಪ್ಪ ಹಂಗ ಮಾಡಿದ. ಒಂದು ದಿನಾ ತಪ್ಪಿಲ್ಲ.

…ಒಂದ ಸಲ. ಒಂದ ಸಲ ತಪ್ಪೇತಿ.

ಹಂಗ ನೋಡಬ್ಯಾಡ್ರಿ. ಇಳೀರಿ, ಗಡ್ಡಿ ಬಂತು. ಕಲ್ಲ ಜಾರತೈತಿ, ಕೈ ಕೊಡ್ರಿ. ಬರ್ರಿ… ಇದು ದುರ್ಗವ್ವನ ಗುಡಿ. ಕೈ ಮುಗೀರಿ. ಗುಡಿ ಹಿಂದ ಆ ಕಡಿ ತುದಿಗೆ ದೇವಿ ಪಾದ ಅದಾವ. ಹರಕಿ ಇದ್ದವರು ಅಲ್ಲಿ ಒಬ್ಬರ ಹೋಗಿ ಕುಂದ್ರಬೇಕು, ಜೋಡಿಲೆ ಯಾರೂ ಇರಬಾರದು… ಅಕ್ಕಾರ! ನಾ ಹೇಳೂದ್ರೊಳಗ ಅಲ್ಲೇ ನಡದ್ರಿ? ದಾರಿ ಗೊತ್ತೈತೇನು ನಿಮಗ?

ನಿಂದ್ರಿ, ನಿಂದ್ರಿ, ನನಗ ಮೊದಲಿನಂಗ ಕಾಲ ಆಗೂದಿಲ್ಲ… ಹಾಂ. ಇದ ನೋಡ್ರಿ ಒದರುಗಲ್ಲು. ಮಂದಿ ಇದನ್ನ ನೋಡಾಕ ಬರತಾರ. ಪಶ್ಚಿಮದ ಗಾಳಿ ಬಿಟ್ರ ಈ ತೂತಿನ್ಯಾಗ ಹೊಕ್ಕು ಕಲ್ಲು ಒದರತೈತಿ, ಹೆಣ್ಣಮಗಳ ದನಿ ಬಂದಂಗ. ನಮ್ಮಜ್ಜನ ಕಾಲದಿಂದ ಒದರತೈತಿ. ನಿಂದ್ರಿ, ಈಗ ಗಾಳಿ ಬಂತು. ಬಂತು… ಕೇಳಿಸ್ತೇನು?

ಇಲ್ಲ?

ಕಿವಿ ಹಚ್ಚಿ ಕೇಳ್ರಿ… ಈಗ? ಸೆರಗ ಹಾರಾಕತ್ತೈತಿ, ಇಷ್ಟ ಗಾಳಿ ಐತಿ. ತಲಿ ಅಲ್ಲಾಡಸಬ್ಯಾಡ್ರಿ ಅಕ್ಕಾರ. ಎಲ್ಲಾರಿಗೂ ಕೇಳಿಸೇತಿ. ವಿಜಾಪುರದವರೊಬ್ಬರು ಕೇಳಿ ಅತ್ತಬಿಟ್ರು. ನಿಮಗೊಬ್ಬರಿಗೆ ಕೇಳಸೂದಿಲ್ಲಂದ್ರ… ಇವತ್ತ ಗಾಳಿ ಅಡ್ಡ ಬಂದೈತಿ. ಅಷ್ಟ.

ಅಲ್ಲಿ ಯಾಕ ಕುಂತ್ರಿ? ಏಳ್ರಿ. ಆಕಿ ಕುಂತಿದ್ದೂ ಅಲ್ಲೇ.

ಯಾವಾಕಿ ಅಂತ ಕಣ್ಣಲೇ ಕೇಳತೀರಿ. ಹೇಳತೀನಿ ತಗೋರಿ, ಇದರಾಗ ಮುಚ್ಚೂದೇನೈತಿ? ಪೊಲೀಸರ ಮುಂದ ಹೇಳೇನಿ, ಪಂಚರ ಮುಂದ ಹೇಳೇನಿ. ಹದಿನೆಂಟು ವರ್ಷ ಆತು. ಇಂಥಾದ್ದ ಶ್ರಾವಣ. ಬನಹಟ್ಟಿ ಮಗ್ಗದ ಮಂದಿ ಎರಡು ಲಾರಿ ಮಾಡ್ಕೊಂಡು ಬಂದ್ರು. ಜಮಖಂಡಿ ತೋರಿಸಿದೆ, ಇಲ್ಲಿಗೆ ದೋಣೀಲೆ ಮೂರು ಖೇಪ ಹೊಡದೆ. ಅವರಾಗ ಸಾತವ್ವ ಅಂತ ಒಬ್ಬಾಕಿ. ಬರಿಗಾಲಾಕಿ. ಚಪ್ಪಲಿ ಎಲ್ಲಿ ತಾಯಿ ಅಂದೆ. ಇಲ್ಲ ಅಣ್ಣಾ, ಹರಕಿ ಐತಿ, ನನ್ನ ಮಗಳು ತಾರಿ ನನ್ನ 'ಅವ್ವಾ' ಅಂತ ಕರಿಯೂತನ ಕಾಲಿಗೆ ಚಪ್ಪಲಿ ಹಾಕೂದಿಲ್ಲ ಅಂದ್ಲು. ಆರು ವರ್ಷದ ಕೂಸು, ಬಾಯಿ ಬಂದಿದ್ದಿಲ್ಲ. ಕಿವಿ ಛಲೋ ಇದ್ದೂ, ಎಲ್ಲಾ ಕೇಳತಿತ್ತು, ಮಾತಷ್ಟ ಇಲ್ಲ. ಚಪ್ಪಲಿ ಕೊಂಡಿಟ್ಟೇನಿ ಅಣ್ಣಾ, ಅಥಣೀದು, ಟ್ರಂಕಿನ್ಯಾಗ ಅದಾವ, ಇಕಿ ಕರದ ದಿನಾ ಹಾಕ್ಕೊತೀನಿ ಅಂತ ನಕ್ಕೋತ ಹೇಳಿದ್ಲು.

ಕೂಸಿನ್ನ ಜೋಡಿಲೆ ಬಂದ ಬಾಜೂಮನಿ ಅನ್ನವ್ವನ ಕಡೆ ಬಿಟ್ಟು ಇಲ್ಲಿ ಬಂದು ಕುಂತಾಳ. ಕಣ್ಣ ಮುಚ್ಚಿ ಕುಂತಾಕಿಗೆ ಹೊತ್ತಿನ ಖಬರ ಇಲ್ಲ. ನಾ ಕಡೀ ಖೇಪ ತುಂಬಿದೆ. ತಲಿ ಎಣಸೂದಿಲ್ಲ. ದಂಡಿಗೆ ಬಂದೆ, ಎಲ್ಲಾರೂ ಚಪ್ಪಲಿ ಮೆಟ್ಟಿದ್ರು, ಗಿಡದ ಬುಡಕ ನೋಡಿದೆ. ಖಾಲಿ! ಒಂದು ಜೋಡೂ ಉಳದಿಲ್ಲ. ಬರಿಗಾಲಾಕಿ ಲೆಕ್ಕದಾಗ ಎಲ್ಲಿ ಸಿಗತಾಳ್ರಿ? ಆ ಲಾರಿ ಮಂದಿ ಈ ಲಾರ್ಯಾಗ ಅದಾಳ ಅಂದ್ಕೊಂಡ್ರು, ಈ ಲಾರಿ ಮಂದಿ ಆ ಲಾರ್ಯಾಗ ಅಂದ್ಕೊಂಡ್ರು. ಬನಹಟ್ಯಾಗ ಇಳದ ಮ್ಯಾಲ ಗೊತ್ತಾತು. ಬೆಳಗಾಗೂದ್ರೊಳಗ ಹೊಳಿ ಏರಿ ಗುಡಿ ಕಳಸಷ್ಟ ಕಾಣತಿತ್ತು. ಬೀಳಗಿ ತನಕ ಹುಡಿಕಿದ್ವಿ. ಸಿಗಲಿಲ್ಲ.

ಇದರಾಗ ನನ್ನ ತಪ್ಪೇನೈತಿ, ಹೇಳ್ರಿ? ಪಂಚರೂ ಅದನ್ನ ಅಂದ್ರು, ಗಂಗಾರಾಮನ ತಪ್ಪಲ್ಲ, ದೈವ ಅಂದ್ರು. ಕುರಿ ಕಾಯೂ ಮುದಕ ಶಿದ್ರಾಮಪ್ಪ ಒಬ್ಬ ತಕರಾರ ತಗದ. ಸಂಜೀ ಮುಂದ ಗಡ್ಡಿ ಕಡಿಂದ ಯಾರೋ ಒದರಿದ್ದು ಕೇಳಿಸ್ತು, ದಂಡಿಮ್ಯಾಲಿದ್ದ ಗಂಗಾರಾಮಗ ಕೇಳಿಸಲಿಲ್ಲೇನು ಅಂದ. ಅದು ಕಲ್ಲು ಒದರಿದ್ದು ಅಂತ ಹೇಳಿದೆ. ಗಾಳಿಗೆ ಒದರತೈತಿ, ನಮಗ ರೂಢಿ ಐತಿ ಅಂದೆ. ಎಲ್ಲಾರೂ ಒಪ್ಪಿದ್ರು. ನೀವೂ ಒಪ್ಪ್ರಿ.

…ಒಪ್ಪೂದಿಲ್ಲ. ಸುಮ್ಮನ ಆ ಕಲ್ಲಿನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡತೀರಿ. ಕಲ್ಲು ಇವತ್ತ ಬಾಯಿ ಬಿಡಲಿಲ್ಲಂದ್ರ ನಾ ಏನ ಮಾಡ್ಲಿ! ನಡೀರಿ. ಹೊತ್ತ ಇಳೀತು. ನಡೀರಿ ಅಂದೆ!

ದೋಣ್ಯಾಗ ಹಿಂದಕ ಹೊಳ್ಳಿ ನೋಡಬ್ಯಾಡ್ರಿ. ಇತ್ತಾಗ ಮಾರಿ ಮಾಡ್ರಿ. ನಿಮಗ ಬೈಬಾರದಿತ್ತು. ತಪ್ಪಾತು. ನಾಳೆ ಮೌನ ಬಿಟ್ಟ ಮ್ಯಾಲ ಮನಿ ಮಂದಿ ಮುಂದ ಛಲೋ ಹೇಳ್ರಿ ನನ್ನ ಬಗ್ಗೆ. ಅರಮನಿ ತೋರಿಸಿದ, ಗಡ್ಡಿ ತೋರಿಸಿದ, ಊಟಕ್ಕ ಖಡಕ್ ರೊಟ್ಟಿ ಕೊಡಿಸಿದ… ಈ ನೀರ ಹುಟ್ಟಿಗೆ ಬಡಿಯೂ ಸಪ್ಪಳ ಒಂದ, ಮತ್ತೇನೂ ಇಲ್ಲ. ನೋಡ್ರಿ, ಎಷ್ಟ ಶಾಂತ ಐತಿ. ಹದಿನೆಂಟು ವರ್ಷದಾಗ ಈ ಹೊತ್ತಿಗೆ ಇಷ್ಟ ಶಾಂತ ನಾ ಕೇಳಿಲ್ಲ. ದಿನಾ ಕಿವ್ಯಾಗ… ಬಿಡ್ರಿ.

ಬಂದ್ವಿ. ಇಳೀರಿ. ಅಲ್ಲಿ ನೋಡ್ರಿ, ನಿಮ್ಮ ಚಪ್ಪಲಿ ಇದ್ದಲ್ಲೇ ಅದಾವ. ನಾ ಹೇಳಿದ್ನೆಲ್ಲ, ಯಾರೂ ಮುಟ್ಟೂದಿಲ್ಲ. ಮೆಟ್ಟಿದ್ರಿ? ಹಂಗಾರ ಹೋಗಿ ಬರ್ರಿ, ಬಸ್ಸು ಹತ್ತು ಮಿನಿಟಿಗೆ ಐತಿ.

ಅಕ್ಕಾರ, ಇನ್ನೊಂದು ಜೋಡು ಬಿಟ್ರಿ.

ಅಕ್ಕಾರ! ಈ ಹೊಸಾವು… ತಗೋರಿ. ಯಾಕ, ಬ್ಯಾಡ? ಇಲ್ಲೇ ಬಿಟ್ರ ಹೆಂಗ? ಒಂದು ಜೋಡು ಉಳೀತಂದ್ರ ನಮ್ಮ ಲೆಕ್ಕದಾಗ…

ಧೋತರ ಬಿಡ್ರಿ. ಇದೇನ ಮಾಡತೀರಿ, ಧೋತರ ಯಾಕ ಜಗ್ಗತೀರಿ? ದೊಡ್ಡಾಕಿ ಇದ್ದೀರಿ, ಮಂದಿ ನೋಡತಾರ. ಏನು? ಹೊಳಿ? ಹೊಳಿ ಕಡೆ ಏನ ಐತಿ? ಬಾಯಿಲೆ ಹೇಳ್ರಿ! ಮೌನ ಸಾಕು, ಬಾಯಿ ಬಿಟ್ಟು ಹೇಳ್ರಿ ಅಕ್ಕಾರ…

ಅಯ್ಯ.

ಅಯ್ಯ ಶಿವನ… ಮೌನ ಅಲ್ಲ ಇದು.

ಹಿಂಗ ಜಗ್ಗಿದ್ದಿ. ಇದ ಗಿಡದ ಕೆಳಗ, ಇದ ಹೊತ್ತಿಗೆ. ಇಷ್ಟ ಇದ್ದಿ ನೀನು, ನನ್ನ ಟೊಂಕಕ್ಕ ಬರತಿದ್ದಿ. ಒಂದ ಕೈಯಾಗ ಧೋತರ, ಇನ್ನೊಂದ ಕೈ ಹೊಳಿ ಕಡೆ. ಪೊಲೀಸರಿಗೆ ಇದನ್ನ ಹೇಳಿಲ್ಲ ನಾನು. ಯಾರಿಗೂ ಹೇಳಿಲ್ಲ. ಮತ್ತ ದೋಣ್ಯಾಗ ಆಡಬೇಕನ್ನತೈತಿ ಕೂಸು ಅಂದ್ಕೊಂಡೆ… ಸುಳ್ಳು. ಅದೂ ಸುಳ್ಳು. ಅಂದ್ಕೊಂಡಿದ್ದಿಲ್ಲ ತಾಯಿ. ಗೊತ್ತಾಗಿತ್ತು. ನಿನ್ನ ಕೈ ಬಿಡಿಸಿ, ಪೆಪ್ಪರಮಿಂಟ್ ಕೊಟ್ಟು, ಎತ್ತಿ ಲಾರ್ಯಾಗ ಕುಂಡರಿಸಿದೆ.

ನೀರು ಕೆಂಪಾಗಿತ್ತು. ಮ್ಯಾಲಿಂದ ಹೊಳಿ ಏರಿ ಬರಾಕತ್ತೈತಿ ಅಂತ ನನಗ ತಿಳದಿತ್ತು. ಅಂಜಿದೆ. ಗಿಡದ ಬುಡಕ ಖಾಲಿ ಐತಿ, ಎಲ್ಲಾರೂ ಬಂದಾರ, ಅಂತ ನನಗ ನಾನ ಹೇಳ್ಕೊಂಡು ಇಲ್ಲೇ ನಿಂತೆ.

ಆ ಕಲ್ಲು ನಮ್ಮಜ್ಜನ ಕಾಲದಾಗ ಒದರಿಲ್ಲ. ಎಂದೂ ಒದರಿಲ್ಲ. ಅದಕ್ಕ ಬಾಯಿ ಕೊಟ್ಟಾಂವ ನಾನು. ನಿಮ್ಮವ್ವ ಒದರಿದ್ಲು. ಕಲ್ಲು ಹೆಸರ ಹಿಡದು ಕರೀತೈತೇನು? 'ತಾರೀ… ತಾರೀ…' ಅಂತ ಕರದ್ಲು. ನನ್ನ ಕರೀಲಿಲ್ಲ. ದೋಣಿ ತಾ ಅನ್ನಲಿಲ್ಲ. ನಿನ್ನ ಕರದ್ಲು. ನಿನಗೂ ಕೇಳಿಸಿತ್ತು. ಅದಕ್ಕ ಜಗ್ಗಿದಿ. ನಾವಿಬ್ಬರ ಆ ಹೆಸರ ಕೇಳಿದವರು, ಒಬ್ಬರಿಗೆ ಬಾಯಿ ಇದ್ದಿದ್ದಿಲ್ಲ, ಇನ್ನೊಬ್ಬಾಂವ ಬಾಯಿ ಇದ್ದೂ…

ಅಳಬ್ಯಾಡ ತಾರಾ. ಅಳು, ಅಳು. ನಾ ಯಾರು ಬ್ಯಾಡ ಅನ್ನಾಕ.

ಧೋತರ ಬಿಡಬ್ಯಾಡ. ಹಿಡಕೋ ಹಂಗ. ಒಂದು ಜೋಡು ಉಳದೈತಿ. ಒಂದು ಜೋಡು ಉಳೀತಂದ್ರ ದೋಣಿ ಹೊಳ್ಳಿಸಬೇಕು, ನಮ್ಮಪ್ಪನ ಲೆಕ್ಕ ಅದು. ಇನ್ನೂ ಬೆಳಕ ಐತಿ. ನಿನ್ನ ಚಪ್ಪಲಿ ಬಿಚ್ಚು ತಾಯಿ, ನಿಮ್ಮವ್ವನ ಜೋಡಿನ ಬಾಜೂಕ ಇಡು. ಹತ್ತು. ನಡುವ ಕುಂದ್ರು.

ನಿನಗ ಕರಿಯಾಕ ಆಗೂದಿಲ್ಲಲ್ಲ… ನಾ ಕರೀತೀನಿ. ನಿನ್ನ ಬದಲಿ ನಾ ಕರೀತೀನಿ.

ಅವ್ವಾ…! ಸಾತವ್ವಾ…! ಬಂದ್ವಿ ನಿಂದ್ರಽ ಅವ್ವಾ…!