ಸೋತವಳಿಗೆ ಭಂಡಾರ

ಹೋಟಗಿ ಸ್ಟೇಷನ್ನಿನ ಬೆಂಚಿನ ಮೇಲೆ ಕುರಿ ವಾಸನೆಯ ಕಂಬಳಿ ಹೊತ್ತ ಗಂಡ ಹೆಂಡತಿ ಬಂದು ಕೂತಾಗ, ಸೋಲಾಪುರದ ಜವಳಿ ವ್ಯಾಪಾರಿಯ ಹೆಂಡತಿ ಸುಮಿತ್ರಾಬಾಯಿ ತನ್ನ ಹೊಸ ಸೀರೆಯ ಸೆರಗನ್ನು ಮೆಲ್ಲಗೆ ಎಳೆದುಕೊಂಡಳು. ಕಿವಿಯನ್ನು ಮಾತ್ರ ಎಳೆದುಕೊಳ್ಳಲಾಗಲಿಲ್ಲ.

“ಬೀರಪ್ಪ ದೇವರ ಅರಿಶಿಣ ಭಂಡಾರದ ಚೀಲ ಯಾಕ ತಂದೀರಿ?” ಕಂಬಳಿಯವಳು ಗಂಡನನ್ನು ಕೇಳಿದಳು.

“ಮಗಳು ಬರ್ತಾಳಲ್ಲ, ಹಾರಸಾಕ.”

“ಪರದೇಶದಾಗ ಫುಟ್‌ಬಾಲ್ ಸೋತು ಬರಾಕತ್ತಾಳ್ರಿ. ಗೆದ್ದು ಬಂದವರಿಗಿ ಹಾರಸೋದು ಅದು.”

“ಸೋತಾಳಂತ ಯಾರು ಹೇಳಿದ್ರು?”

“ಸಾಲಿ ಮಾಸ್ತರ. ಗೋಲಿನ ಬಾಯಾಗ ಇಕಿನ ನಿಂತಿದ್ಲಂತ. ಚೆಂಡೆಲ್ಲಾ ಒಳಗ ಹೋದುವಂತ.”

“ಕುರಿ ಹಟ್ಟಿ ಬಾಯಾಗ ನಿಂತ್ರ ಒಂದ ಮರಿ ಹೊರಗ ಬಿಡತಿದ್ದಿಲ್ಲ ಆಕಿ!”

“ಅದಕ್ಕ ಹೇಳಾಕತ್ತೀನಿ. ಅಳಕೋತ ಬರ್ತಾಳ, ಚೀಲ ಒಳಗ ಇಡ್ರಿ.”

“ದೇಶ ದೇಶದ ಹುಡಿಗ್ಯಾರ್ನ ಕರದ ಜಾಗಕ್ಕ ನಮ್ಮಾಕಿನೂ ಹೋಗಿ ನಿಂತು ಬಂದಾಳ. ಸೋತಿದ್ದು ಬೀರಪ್ಪಗ ನಾ ಹೇಳಂಗಿಲ್ಲ. ನೀನೂ ಹೇಳಬ್ಯಾಡ.”

ಗಾಡಿ ಬಂತು. ಕಣ್ಣು ಊದಿದ ಹುಡುಗಿಯೊಬ್ಬಳು ತಲೆ ತಗ್ಗಿಸಿಕೊಂಡು ಇಳಿದಳು. ಚೀಲಕ್ಕೆ ಮೊದಲು ಕೈ ಹಾಕಿದವಳು ಅವ್ವನೇ. ಅರಿಶಿಣ ಮುಗಿಲಿಗೆ ಹಾರಿ, ಸುಮಿತ್ರಾಬಾಯಿಯ ಹೊಸ ಸೀರೆಯ ಮೇಲೂ ಬಿತ್ತು. ಆ ಮೂವರೂ ಗೇಟು ದಾಟಿ ಹೋಗುವವರೆಗೆ ಅವಳು ಅದನ್ನು ಕೊಡವಲಿಲ್ಲ.