ಆಯಾ ಇಲ್ಲದ ಶಿಶುವಿಹಾರ

ಮಧುಗಿರಿ ಬಸ್ ನಿಲ್ದಾಣದಲ್ಲಿ ಪುರವರದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಇಬ್ಬರು ಹೆಂಗಸರಿದ್ದರು. ಕಿರಿಯವಳು ಜ್ಯೋತಿ, ಹಿರಿಯರು ಸರ್ವಮಂಗಳಕ್ಕ ಎಂಬುದು ಮಾತಿನಲ್ಲೇ ತಿಳಿಯಿತು. ಜ್ಯೋತಿಯ ತೊಡೆಯ ಮೇಲೆ ತುಮಕೂರಿನ ಯಾವುದೋ ಪ್ರತಿಷ್ಠಾನ ಹಿಂದಕ್ಕೆ ಕಳಿಸಿದ್ದ ಅನುದಾನದ ಅರ್ಜಿಯಿತ್ತು.

“ಸಿಬ್ಬಂದೀನೇ ಇಲ್ಲದ ಶಿಶುವಿಹಾರಕ್ಕೆ ಕಟ್ಟಡ ಯಾಕೆ ಅಂತ ಕೇಳವ್ರೆ ಕಣಕ್ಕ. ಇವತ್ತೇ ಕೊನೆ ದಿನ. ಒಬ್ಬ ಆಯಾಗೆ ಸಂಬಳ ಅಂತ ಬರೆದ್ಬುಡಾನ.”

“ಸಂಬಳ ಬಂದ್ರೆ ಮುಯ್ಯಿ ನಿಂತೋಯ್ತದೆ. ಕಳೆ ಕೀಳೋ ಕಾಲದಲ್ಲಿ ದಿನಕ್ಕೊಬ್ಬಳು ಮಕ್ಕಳನ್ನ ನೋಡ್ಕೊಳ್ಳೋದು, ಅವಳ ಹೊಲದ ಕಳೆ ಮಿಕ್ಕೋರು ಕೀಳೋದು. ಅಂಗೇ ಅಲ್ವಾ ನಡ್ಕೊಂಡು ಬಂದಿದ್ದು?”

“ಶಿಶುವಿಹಾರದ ಗೋಡೆ ಬಿದ್ದೋಗದೆ. ಮಳೆ ಬಂದ್ರೆ ಮಕ್ಕಳನ್ನ ಎಲ್ಲಿ ಮಲಗಿಸ್ತೀಯಾ?”

“ನಿನ್ನನ್ನ ಹೊಂಗೆ ಮರಕ್ಕೆ ಸೀರೆ ಕಟ್ಟಿ ಮಲಗಿಸ್ತಿದ್ವಿ. ಚಿಕ್ಕಲಕ್ಷ್ಮಮ್ಮನ ಸರದಿ ಬಂದ್ರೆ ತೂಗಿ ತೂಗಿ ತಾನೇ ನಿದ್ದೆ ಹೋಗೋಳು. ನೀನು ಗೂಬೆ ಮರಿ ಥರ ಅವಳನ್ನೇ ನೋಡ್ತಿದ್ದೆ!”

ಜ್ಯೋತಿ ನಕ್ಕಳು.

“ಅವಳ ಸೆರಗು ಬೇಯಿಸಿದ ಕಡ್ಲೇಕಾಯಿ ವಾಸನೆ ಬರೋದು ಕಣಕ್ಕ. ಗಂಗಮ್ಮನ ದಿನ ಆದ್ರೆ ಬರೀ ಬೈಗುಳ.”

“ಅವರ ಹೆಸರೇ ಬರಿ. ಸಂಬಳ ಅನ್ನೋ ಕಡೆ ಮುಯ್ಯಿ ಅಂತ ಬರಿ.”

“ಅಂಗೆ ಬರೆದ್ರೆ ಊರ ಹೆಂಗಸರನ್ನೆಲ್ಲಾ ಬರೀಬೇಕು. ದುಡ್ಡು ಕೊಡದಿದ್ರೆ?”

“ಗೋಡೇನೂ ಮುಯ್ಯಿ ಮೇಲೇ ಕಟ್ಟಾನ. ಬರಿ, ಲೇ.”

ತುಮಕೂರಿನ ಬಸ್ಸು ಬಂತು. ಇಬ್ಬರೂ ಹತ್ತಿದರು. ಬಸ್ಸು ತಿರುಗುವಾಗ ಕಿಟಕಿಯಲ್ಲಿ ಕಂಡರು. ಜ್ಯೋತಿ ತಲೆ ತಗ್ಗಿಸಿ ಬರೆಯುತ್ತಿದ್ದಳು, ಸರ್ವಮಂಗಳಕ್ಕ ಬೆರಳು ಮಡಿಸುತ್ತಾ ಒಂದೊಂದೇ ಹೆಸರು ಹೇಳುತ್ತಿದ್ದರು.