ಮಬ್ರೂಕಾ ಬೆಲ್ಟ್ ಹಾಕಿದ್ದಳು

ಇದು ನಡೆದದ್ದು ನನ್ನ ಚಿಕ್ಕಮ್ಮನ ಮಗ ಲಝರ್‌ಗೆ. ನಗೋರು ಈಗಲೇ ನಕ್ಕುಬಿಡಿ... ಆಮೇಲೆ ನಗು ಬರೋದಿಲ್ಲ.

ಲಝರ್ ಆಸ್ಪತ್ರೆಯ ಆಂಬುಲೆನ್ಸ್ ಡ್ರೈವರು. ಆವತ್ತು ಸ್ಫಾಕ್ಸ್ ನಗರದ ಆಸ್ಪತ್ರೆಗೆ ರೋಗಿಯನ್ನು ಬಿಟ್ಟು ವಾಪಸಾದಾಗ ಮಧ್ಯಾಹ್ನ ಹನ್ನೆರಡು. ಮನೆಗೆ ನಡೆದು ಹೊರಟ. ಆಲಿವ್ ತೋಪಿನ ಪಕ್ಕ, ಹಳೇ ಬಾವಿ ದಾಟಿ. ಜುಲೈ ಬಿಸಿಲು. ಆ ಹೊತ್ತಲ್ಲಿ ನಮ್ಮಲ್ಲಿ ಮಕ್ಕಳನ್ನು ಹೊರಗೆ ಬಿಡೋದಿಲ್ಲ. ಕತ್ತಲಿಗಿಂತ ಕೆಟ್ಟ ಹೊತ್ತು ಅದು.

ಬಾವಿ ಹತ್ತಿರ... ಟಕ್.

ನಿಂತ. ಸರ್ರ್... ಪಟ್ಟಿ ಎಳೆದ ಸದ್ದು. ಮತ್ತೆ ಟಕ್. ಸೀಟ್ ಬೆಲ್ಟಿನ ಕೊಂಡಿ.

ಆ ಸದ್ದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೇಗೆ ಅಂತ ಹೇಳ್ತೀನಿ.

ಚಳಿಗಾಲದಲ್ಲಿ ಆಂಬುಲೆನ್ಸ್ ತಯಾರಿಸಿದ ಕಂಪನಿಯಿಂದ ಕಾಗದ ಬಂದಿತ್ತು. ಹಿಂದಿನ ಸೀಟಿನ ಬೆಲ್ಟಿನ ಕೊಂಡಿಯಲ್ಲಿ ದೋಷವಿದೆ, ಜೋರಾಗಿ ಎಳೆತ ಬಿದ್ದರೆ ತಾನಾಗಿ ಬಿಚ್ಚಿಕೊಳ್ಳುತ್ತೆ, ಗಾಡಿ ವಾಪಸ್ ತನ್ನಿ, ಪುಕ್ಕಟೆ ಬದಲಾಯಿಸಿ ಕೊಡ್ತೀವಿ ಅಂತ. ಎರಡು ಗಂಟೆಯ ಕೆಲಸ. ಆ ಕಾಗದ ಹೋಗಿ ಸೇರಿದ್ದು ಗಾಡಿಗಳ ಉಸ್ತುವಾರಿ ನೂರಿಯ ಮೇಜಿಗೆ. ಅವನನ್ನು ಸಾಹೇಬರು ಅನ್ನಬೇಕಂತೆ. ನಾನು ಅನ್ನೋದಿಲ್ಲ. ಅವನು ಆ ಕಾಗದದ ಮೇಲೆ ಚಹಾದ ಗ್ಲಾಸು ಇಟ್ಟುಕೊಂಡ.

ಆ ಹಿಂದಿನ ಸೀಟಲ್ಲಿ ಕೂರೋ ನರ್ಸ್ ಮಬ್ರೂಕಾ ಹೋಗಿ ಕೇಳಿದಳು. “ಸಾಹೇಬ್ರೆ, ಗಾಡಿ ಯಾವಾಗ ಕಳಿಸ್ತೀರಿ?”

“ನಿನಗ್ಯಾಕಮ್ಮ ಬೆಲ್ಟು? ಪ್ಯಾರಿಸ್‌ಗೆ ವಿಮಾನ ಹತ್ತಿದೀಯಾ?”

ಸುತ್ತ ಕೂತಿದ್ದ ಬಾಲಬಡುಕರು ಹಲ್ಲು ಕಿರಿದರು.

ಜೂನ್‌ನಲ್ಲಿ, ಇದೇ ಬಾವಿಯ ತಿರುವಿನಲ್ಲಿ, ಗಾಡಿಗೆ ಮೇಕೆಹಿಂಡು ಅಡ್ಡ ಬಂತು. ಲಝರ್ ಬ್ರೇಕ್ ಒತ್ತಿದ. ಹಿಂದೆ ಟಕ್ ಅಂತು. ಆಮೇಲೆ ಧಡ್... ಉಕ್ಕಿನ ಕಪಾಟಿಗೆ ತಲೆ. ರೋಗಿ ಉಳಿದ. ಮೇಕೆಗಳೂ ಉಳಿದವು. ಮಬ್ರೂಕಾ ಉಳಿಯಲಿಲ್ಲ.

ನೂರಿ ವರದಿ ಬರೆದ: ‘ನರ್ಸ್ ಬೆಲ್ಟ್ ಹಾಕಿರಲಿಲ್ಲ.’ ಹೆಣ ತೊಳೆದ ಹೆಂಗಸರು ಅವಳ ಸೊಂಟದ ಮೇಲೆ ಬೆಲ್ಟಿನಗಲದ ನೀಲಿ ಬಾಸುಂಡೆ ನೋಡಿದ್ದರು. ಹೋಗಿ ಹೇಳಿದರೆ ಅವನು, “ಹೆಂಗಸರ ಮಾತು” ಅಂದ. ಲಝರ್‌ನನ್ನು ಕರೆಸಿದ.

“ಮಕ್ಕಳೆಷ್ಟೋ ನಿಂಗೆ?”

“ಮೂರು, ಸಾಹೇಬ್ರೆ.”

“ಕೆಲಸ ಬೇಕಲ್ಲಾ? ಹಾಕು ಸಹಿ.”

ಹಾಕಿದ. ನನ್ನ ತಮ್ಮನೇ, ಆದರೂ ಹೇಳ್ತೀನಿ... ಹೇಡಿ.

ಈಗ, ಆ ಜುಲೈ ಮಧ್ಯಾಹ್ನ, ಬಾವಿಕಟ್ಟೆಯ ಆಚೆಯಿಂದ, ಕಿವಿಗೆ ತಾಗುವಷ್ಟು ಹತ್ತಿರ, ಪಿಸುಮಾತು.

“ಲಝರಣ್ಣಾ... ನಾನು ಹಾಕಿದ್ನೋ ಇಲ್ವೋ?”

“ಹಾ... ಹಾಕಿದ್ದೆ ನೀನು, ತಂಗಿ.”

“ಮತ್ತೆ?”

ಅಷ್ಟೇ. ಕಟ್ಟೆಯ ಆಚೆ ಯಾರೂ ಇರಲಿಲ್ಲ. ಒಂದು ಮಿಡತೆ ಚಿರ್ರೆನ್ನುತ್ತಿತ್ತು.

ಲಝರ್ ಮನೆಗೆ ಹೋಗಲಿಲ್ಲ. ಬಂದ ದಾರಿಯಲ್ಲೇ ಓಡಿದ. ಬೇಸಿಗೆಯಲ್ಲಿ ಮಧ್ಯಾಹ್ನಕ್ಕೇ ಮುಚ್ಚೋ ಕಾರ್ಮಿಕ ತನಿಖಾ ಕಚೇರಿಯ ಬಾಗಿಲು ಹಾಕುವ ಹೊತ್ತಿಗೆ ತಲುಪಿ, ಏದುಸಿರು ಬಿಡುತ್ತಾ, ನಾನು ಸುಳ್ಳು ಸಹಿ ಹಾಕಿದೀನಿ, ನಿಜ ಬರ್ಕೊಡ್ತೀನಿ ಅಂದ.

ಆಮೇಲೇನಾಯ್ತು ಅಂತೀರಾ? ನಾಲ್ಕೂ ಗಾಡಿಗಳಿಗೆ ಹೊಸ ಕೊಂಡಿ ಬಂತು. ಮಗಳು ಬೆಲ್ಟ್ ಹಾಕಿದ್ದಳು ಅಂತ ಮಬ್ರೂಕಾಳ ತಾಯಿಗೆ ಬರೆದುಕೊಟ್ಟರು. ನೂರಿಗೆ ಏನೂ ಆಗಲಿಲ್ಲ. ಅಂಥವರಿಗೆ ದೆವ್ವವೂ ಹತ್ತಿರ ಬರೋದಿಲ್ಲ, ವಾಸನೆಗೆ. ಇದಕ್ಕಿಂತ ದೊಡ್ಡ ಆಸ್ಪತ್ರೆಗೆ ವರ್ಗ ಮಾಡಿದರು, ದೊಡ್ಡ ಮೇಜು ಕೊಟ್ಟು.

ಆದರೆ ನಾನು ಹೇಳಹೊರಟದ್ದು ಅದಲ್ಲ. ಆ ಕಚೇರಿಯಲ್ಲಿ ಲಝರ್ ಬರೆಯೋಕೆ ಕಾಗದ ಕೇಳಿದಾಗ ಗುಮಾಸ್ತ ರೇಗಿದ.

“ಎಷ್ಟು ಸಲ ಬರ್ಕೊಡ್ತೀಯೋ? ಬೆಳಿಗ್ಗೆ ಕೊಟ್ಟಿದೀಯಲ್ಲ!”

ಫೈಲು ತೆಗೆದು ತೋರಿಸಿದ. ಇಡೀ ಹೇಳಿಕೆ ಅದರಲ್ಲಿತ್ತು, ಲಝರ್‌ನ ಕೈಬರಹದಲ್ಲೇ. ಮುದ್ರೆಯಲ್ಲಿ ಆವತ್ತಿನದೇ ತಾರೀಖು, ಬೆಳಿಗ್ಗೆ ಒಂಬತ್ತು ಗಂಟೆ. ಒಂಬತ್ತಕ್ಕೆ ಅವನಿನ್ನೂ ಸ್ಫಾಕ್ಸ್ ರಸ್ತೆಯಲ್ಲಿದ್ದ.

ನಂಬಿ, ಇಲ್ಲಾ ಬಿಡಿ. ಆ ಕಾಗದವನ್ನು ನಾನೇ ಕೈಯಲ್ಲಿ ಹಿಡಿದು ಓದಿದ್ದೀನಿ.